ಪ್ರಶ್ನೆ ಉದ್ಭವಿಸುವುದಿಲ್ಲ

ರಾಯಚೂರು ಜಿಲ್ಲೆಯಲ್ಲಿ ಅನ್ಯಾಯ ನಡೆದೇ ಇಲ್ಲ. ನಂಬಿಕೆ ಬಾರದಿದ್ದರೆ ದಾಖಲೆ ತೆಗೆಸಿ ನೋಡಿ. ಜೀತ, ಇಲ್ಲ. ಮಲ ಹೊರುವ ಪದ್ಧತಿ, ಇಲ್ಲ. ಹಸಿವಿನಿಂದ ಸಾವು, ಛೇ, ಬಿಡ್ತು ಅನ್ನಿ. ಅಸ್ಪೃಶ್ಯತೆಯನ್ನಂತೂ ಸಂವಿಧಾನದ 17ನೇ ವಿಧಿ 1950ರಲ್ಲೇ ತೊಡೆದುಹಾಕಿದೆ. ತೊಡೆದುಹಾಕಿದ್ದನ್ನು ಮತ್ತೆ ಹುಡುಕಿ ಬರೆಯಲು ಯಾವ ಗುಮಾಸ್ತರಿಗೆ ಪುರುಸೊತ್ತಿದೆ? ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ನಮ್ಮ ಎಡೆದೊರೆ ನಾಡು. ಎರಡು ಹೊಳೆಯ ನೀರು ಮಾನ್ವಿಯ ಕೊನೆ ಭಾಗದ ಹೊಲಕ್ಕೆ ಮುಟ್ಟದಿದ್ದರೂ ಕಚೇರಿಯ ಕಡತಗಳನ್ನು ಮಾತ್ರ ಲಕಲಕ ತೊಳೆದಿಟ್ಟಿದೆ.

ಈ ಸಾಧನೆಯ ಹಿಂದಿರುವುದು ಶೂನ್ಯ ವರದಿ ಎಂಬ ಸರಳ ಸಾಧನ. ಅದು ತಯಾರಾಗುವ ಬಗೆ ಹೀಗೆ. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ ಒಂದು ನಮೂನೆ ಇಳಿಯುತ್ತದೆ. ತಮ್ಮ ವ್ಯಾಪ್ತಿಯಲ್ಲಿ ಜೀತದಾಳುಗಳು ಕಂಡುಬಂದಲ್ಲಿ ವಿವರ ಸಲ್ಲಿಸತಕ್ಕದ್ದು, ಅತಿ ತುರ್ತು. ತುರ್ತು ಎಂಬುದರ ಕೆಳಗೆ ಎರಡು ಗೆರೆ. ಆಮೇಲಿನ ಸಂಶೋಧನೆಯೆಲ್ಲ ಫೋನಿನಲ್ಲಿ.

"ಏನ್ ಬರೀಲ್ರಿ ಸರ್?"

"ಹೋದ ಸಲ ಏನ್ ಬರ್ದಿದ್ದಿ?"

"ಶೂನ್ಯ ಬರ್ದಿದ್ನಿರಿ."

"ಮತ್ತ? ಅದನ್ನೇ ಕಳಸು. ತಾರೀಖು ಒಂದು ಬದ್ಲಿ ಮಾಡು."

ಇದನ್ನು ಸೋಮಾರಿತನ ಎಂದು ತಿಳಿಯಬೇಡಿ. ಸೊನ್ನೆಯ ಬದಲು ಒಂದು ಎಂದು ಬರೆದರೆ ಏನಾಗುತ್ತದೆ ಎಂಬುದನ್ನು ಅನುಭವಸ್ಥರು ಬಲ್ಲರು. ಉಪವಿಭಾಗಾಧಿಕಾರಿ ಸ್ಥಳಕ್ಕೆ ಬರಬೇಕು. ಆಳಿನ ಹೇಳಿಕೆ ಬರೆದುಕೊಳ್ಳಬೇಕು. ಬಿಡುಗಡೆ ಪತ್ರ ಕೊಡಬೇಕು, ಪುನರ್ವಸತಿಗೆ ಪ್ರಸ್ತಾವ ಹೋಗಬೇಕು. ಠಾಣೆಯಲ್ಲಿ ಪ್ರಕರಣವಾಗಬೇಕು. ಅಷ್ಟು ಹೊತ್ತಿಗೆ ಧಣಿಯ ಕಡೆಯ ಫೋನು ಬಂದಿರುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ಮೇಲಿನವರು ಕೇಳುವ ಪ್ರಶ್ನೆ: ಹೋದ ವರ್ಷ ಸೊನ್ನೆ ಇದ್ದದ್ದು ಈ ವರ್ಷ ಒಂದು ಹೇಗಾಯಿತು, ವಿವರಣೆ ಕೊಡಿ. ಒಂದು ಎಂಬುದು ಇಷ್ಟು ಭಾರದ ಸಂಖ್ಯೆ. ಸೊನ್ನೆಗೆ ವಿವರಣೆ ಕೇಳಿದವರು ಇದುವರೆಗೆ ಹುಟ್ಟಿಲ್ಲ.

ಕಾನೂನಿನ ಕಡೆಯಿಂದ ಕೊರತೆ ಏನೂ ಇಲ್ಲ ಅನ್ನಿ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದನ್ನು ಬರೆದವರು ಧಣಿಗಳ ಜಾಣತನ ಬಲ್ಲವರು. ಹೆಸರು ಬದಲಿಸಿ ತಪ್ಪಿಸಿಕೊಂಡಾರು ಎಂದು ದೇಶದ ಮೂಲೆಮೂಲೆಯ ಹೆಸರುಗಳನ್ನು ಹೆಕ್ಕಿ ಕಾಯ್ದೆಯೊಳಗೇ ಸಾಲಾಗಿ ಬರೆದಿಟ್ಟರು. ನಮ್ಮ ಜೀತವೂ ಅದರಲ್ಲಿದೆ, ನಿಜಾಮನ ರಾಜ್ಯದ ಭಗೇಲಾವೂ ಇದೆ. ಸಾಲ ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು ಎಂದೂ ಬರೆದರು. ಬಿಡುಗಡೆಯಾದವರ ಹೆಸರು, ವಿಳಾಸ, ಅವರಿಗೆ ಸಿಕ್ಕ ನೆರವು, ಎಲ್ಲಕ್ಕೂ ಜಾಗೃತಿ ಸಮಿತಿಯವರು ವಹಿ ಇಡಬೇಕು ಎಂದು ನಿಯಮ ಮಾಡಿದರು. ಪಾಪ, ಆ ಹೆಸರುಗಳ ಸಾಲಿಗೆ ಒಂದನ್ನು ಸೇರಿಸಲು ಮರೆತರು: ಅಡ್ವಾನ್ಸ್.

ದೇವದುರ್ಗದ ಬಸ್ ನಿಲ್ದಾಣಕ್ಕೆ ಸುಗ್ಗಿ ಮುಗಿದ ಮೇಲೆ ರಾತ್ರಿ ಹೊತ್ತು ಹೋಗಿ ನಿಲ್ಲಿ. ಜ್ವಾಳದ ಹಿಟ್ಟಿನ ಚೀಲ, ಪಾತ್ರೆ ಕಟ್ಟಿದ ಗಂಟು, ಗಂಟಿನ ಮೇಲೆ ನಿದ್ದೆಹೋದ ಕೂಸು. ಮೇಸ್ತ್ರಿ ಅಡ್ವಾನ್ಸ್ ಕೊಟ್ಟಿದ್ದಾನೆ. ಬೆಂಗಳೂರಿನ ಕಟ್ಟಡಕ್ಕೋ ಪುಣೆಯ ಕಡೆಗೋ ಇಟ್ಟಂಗಿ ಭಟ್ಟಿಗೋ ಹೋಗುವವರು. ಅಡ್ವಾನ್ಸ್ ತೀರುವವರೆಗೆ ಬರುವ ಹಾಗಿಲ್ಲ, ತೀರುವ ಹಾಗೆ ಲೆಕ್ಕ ಬರೆಯುವ ಹಾಗೂ ಇಲ್ಲ. ಇದು ಜೀತವೇ ಎಂದು ಯಾರನ್ನಾದರೂ ಕೇಳಿ ನೋಡಿ. ಅಲ್ಲವೇ ಅಲ್ಲ, ಗುಳೆ ಹೋಗುವುದು ಇಲ್ಲಿನ ಸಂಪ್ರದಾಯ ಎನ್ನುತ್ತಾರೆ. ಹೊರರಾಜ್ಯಕ್ಕೆ ಕೂಲಿ ಹೋಗುವವರ ಹೆಸರು ಬರೆದು, ಕೈಗೊಂದು ಪಾಸ್‌ಬುಕ್ ಕೊಡಬೇಕು ಎಂದು 1979ರಲ್ಲೇ ಕಾನೂನಾಗಿತ್ತು. ಕಾನೂನನ್ನು ಕಟ್ಟುನಿಟ್ಟಾಗಿ ಪಾಲಿಸಲಾಗಿದೆ. ಪಾಸ್‌ಬುಕ್ ಯಾರ ಕೈಗೂ ಸಿಗದ ಹಾಗೆ ಜೋಪಾನ ಮಾಡಲಾಗಿದೆ.

ಬರೆಯದಿರುವುದರ ಫಲ ಏನೆಂಬುದು 2020ರಲ್ಲಿ ಗೊತ್ತಾಯಿತು. ಲಾಕ್‌ಡೌನ್ ಆದಾಗ ನಮ್ಮ ಗುಳೆಯ ಮಂದಿ ಬೆಂಗಳೂರಿನಿಂದ ಕಾಲ್ನಡಿಗೆಯಲ್ಲಿ ಊರಿಗೆ ಹೊರಟರು. ಹಾಗೆ ಹೊರಟ ಈ ಜಿಲ್ಲೆಯ ಹೆಣ್ಣುಮಗಳೊಬ್ಬಳು ಊರು ಮುಟ್ಟಲಿಲ್ಲ, ಬಳ್ಳಾರಿಯಲ್ಲೇ ಪ್ರಾಣ ಬಿಟ್ಟಳು. ದೇಶದ ತುಂಬ ಹೆದ್ದಾರಿಗಳಲ್ಲಿ, ರೈಲು ಹಳಿಗಳ ಮೇಲೆ ಇಂಥ ಸಾವುಗಳಾದವು. ಆ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು: ಎಷ್ಟು ವಲಸೆ ಕಾರ್ಮಿಕರು ಸತ್ತರು, ಅವರ ಮನೆಯವರಿಗೆ ಪರಿಹಾರವೆಷ್ಟು? ಕಾರ್ಮಿಕ ಸಚಿವಾಲಯದ ಉತ್ತರವನ್ನು ಆಡಳಿತ ತರಬೇತಿ ಸಂಸ್ಥೆಗಳಲ್ಲಿ ಪಾಠ ಮಾಡಬೇಕು. ಅಂಥ ಅಂಕಿಅಂಶ ಇಟ್ಟಿಲ್ಲ. ಇಟ್ಟಿಲ್ಲವಾದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಇದಕ್ಕಿಂತ ಚೊಕ್ಕವಾದ ತರ್ಕ ಕಟ್ಟಲು ನ್ಯಾಯಶಾಸ್ತ್ರದ ಪಂಡಿತರಿಗೂ ಆಗಿರಲಿಲ್ಲ. ವಹಿ ಇಟ್ಟಿದ್ದರೆ ಹೆಣ, ಹೆಣವಿದ್ದರೆ ಹಣ. ವಹಿಯೇ ಇಲ್ಲದ ಮೇಲೆ ಬಳ್ಳಾರಿಯಲ್ಲಿ ಸತ್ತವಳು ಸತ್ತದ್ದಾದರೂ ಯಾವ ಆಧಾರದ ಮೇಲೆ?

ಮರುವರ್ಷ ಇದೇ ತರ್ಕ ಇನ್ನೊಂದು ಮೆಟ್ಟಿಲು ಹತ್ತಿತು. ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ ಎಂದು 2021ರಲ್ಲಿ ಸರ್ಕಾರ ಸಂಸತ್ತಿಗೆ ಹೇಳಿತು. ಹಾಗಾದರೆ ಚರಂಡಿ ಗುಂಡಿಗಳಲ್ಲಿ ಉಸಿರುಗಟ್ಟಿ ಸತ್ತವರು? ಅವರು 941 ಮಂದಿ ಇದ್ದಾರೆ. ಅದು ಬೇರೆ ಕಲಮು. ಅವರು ಸತ್ತದ್ದು ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕೆಲಸದಲ್ಲಿ. ಗುಂಡಿ ಒಂದೇ, ಇಳಿದ ಜಾತಿ ಒಂದೇ, ಏರಿ ಬಂದ ಹೆಣ ಮಾತ್ರ ಬೇರೆ ಕಲಮಿನದು. ಇಂಥ ಸಾವಿಗೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತಲ್ಲ, ಅಂದಿನಿಂದ ಆ ಕಲಮು ತುಂಬುವವರ ಕೈ ಇನ್ನಷ್ಟು ಹುಷಾರಾಗಿರಬೇಕು ಎಂಬುದು ನನ್ನ ಗುಮಾನಿ.

ಇರಲಿ, ಪಟ್ಟಿ ಎಂಬುದೇ ಇಲ್ಲದವರ ಕಥೆ ಇದಾಯಿತು. ಪಟ್ಟಿ ಇರುವವರ ಸುಖವನ್ನೂ ನೋಡಬೇಕು.

ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ನಿಷೇಧಿಸಿ ಹತ್ತು ವರ್ಷವಾದ ಮೇಲೆ, ಎಷ್ಟು ಮಂದಿ ಇದ್ದಾರೆ ಎಂಬ ಕುತೂಹಲ ಹುಟ್ಟಿತು. 1993-94ರ ಸಮೀಕ್ಷೆಯಲ್ಲಿ ಸಿಕ್ಕವರು 22,873. ಮತ್ತೆ 2007-08ರಲ್ಲಿ ಎಣಿಸಿದಾಗ ಇನ್ನೂ 23,787. ಕೂಡಿದರೆ 46,660. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ನಮ್ಮದಕ್ಕೂ ಇದರಲ್ಲಿ ದೊಡ್ಡ ಪಾಲಿದೆ. ಈ ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಮನೆ, ಸಾಲ. ಹೆಸರಿಲ್ಲದಿದ್ದರೆ ನೀವು ಎಲ್ಲಮ್ಮನ ಪಾಲಿಗೆ ಮಾತ್ರ ದೇವದಾಸಿ, ಸರ್ಕಾರದ ಪಾಲಿಗೆ ಅಲ್ಲ.

ದೇವದುರ್ಗದ ಕಡೆಯ ಒಬ್ಬ ಮುದುಕಿ ರಾಯಚೂರಿನ ಕಚೇರಿಗೆ ಬಂದಳೆಂದು ಇಟ್ಟುಕೊಳ್ಳಿ. ಬರುವ ದಾರಿಯಲ್ಲೇ ಒಂದು ಹೊತ್ತಿನ ಊಟ ತಪ್ಪಿದೆ.

"ಯಪ್ಪಾ, ನನ್ನ ಹೆಸರು ಐತೇನು ನೋಡು."

"ಯಾವ ಸರ್ವೇದಾಗ ಯಮ್ಮಾ? ಮೊದಲಿಂದೋ, ಎರಡನೇದೋ?"

"ನಂಗೇನ್ ಗೊತ್ತಾಗ್ತೈತಪ್ಪ. ಮುತ್ತು ಕಟ್ಟಿದಾಗ ನಾ ಇಷ್ಟ್ ಎತ್ತರ ಇದ್ದೆ."

"ಮುತ್ತು ಕಟ್ಟಿದ್ದಕ್ಕ ದಾಖಲಿ ಐತೇನು?"

ಏನು ಹೇಳಿಯಾಳು? ಮುತ್ತು ಕಟ್ಟಿ ದೇವರಿಗೆ ಬಿಟ್ಟ ಪೂಜಾರಿ ರಸೀದಿ ಕೊಟ್ಟಿರಲಿಲ್ಲ. ಸರ್ವೇದವರು ಬಂದಾಗ ನೀ ಎಲ್ಲಿದ್ದಿ ಎಂದು ಸಾಹೇಬರು ಕೇಳುತ್ತಾರೆ. ಗುಳೆ ಹೋಗಿದ್ನಿ ಎನ್ನುತ್ತಾಳೆ. ಗುಳೆ ಹೋದದ್ದಕ್ಕೆ ದಾಖಲೆ? ಅದೂ ಇಲ್ಲ. ಒಂದು ವಹಿಯಲ್ಲಿ ಇಲ್ಲದ ಕಾರಣಕ್ಕೆ ಇನ್ನೊಂದು ಪಟ್ಟಿಯಲ್ಲಿ ಇಲ್ಲ, ಆ ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೆ ಮೂರನೆಯದರಲ್ಲಿ ಇಲ್ಲ. ನಮ್ಮ ಕಚೇರಿಗಳ ನಡುವೆ ಹೊಂದಾಣಿಕೆ ಇಲ್ಲ ಎಂದು ದೂರುವವರು ಈ ಅಚ್ಚುಕಟ್ಟನ್ನು ನೋಡಬೇಕು. ವಯಸ್ಸಿನ ಪುರಾವೆ ಕೇಳಿದರೆ ಮುದುಕಿ ತಲೆ ತೋರಿಸುತ್ತಾಳೆ. ನರೆತ ಕೂದಲಿಗೆ ತಹಶೀಲ್ದಾರರ ಸಹಿ ಇಲ್ಲ. ಚಿಕ್ಕವಳಾಗಿ ಕಂಡರೋ, ಅದು ಇನ್ನೂ ಕಷ್ಟ. ಕಾಯ್ದೆ ಬಂದ ಮೇಲೆ ಯಾರಿಗೂ ಮುತ್ತು ಕಟ್ಟಿಲ್ಲವಲ್ಲ. ಕಟ್ಟಿದ್ದರೆ ಪ್ರಕರಣ ದಾಖಲಾಗಿರಬೇಕಿತ್ತು. ಪ್ರಕರಣ ಇಲ್ಲ, ಆದ್ದರಿಂದ ಕಟ್ಟಿಲ್ಲ, ಆದ್ದರಿಂದ ನೀನು ಇಲ್ಲ. ಹೋಗಿ ಬಾ ಯಮ್ಮಾ.

ಆಕೆಯ ಮಗಳ ಮಗ ಶಾಲೆಗೆ ಸೇರುವಾಗ ತಂದೆಯ ಹೆಸರು ಎಂಬ ಕಲಮು ಬಾಯ್ದೆರೆದು ಕಾಯುತ್ತಿತ್ತು. ಅದಕ್ಕೆ ಏನು ಬರೆಯಬೇಕೆಂದು ಮಕ್ಕಳು ತಲೆಮಾರುಗಟ್ಟಲೆ ತಡಕಾಡಿದರು. ಊರಿಗೆಲ್ಲ ಗೊತ್ತಿದ್ದ ಹೆಸರು, ಬರೆಯುವ ಹಾಗಿಲ್ಲದ ಹೆಸರು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಹೊಸ ಮಸೂದೆಯೊಂದನ್ನು ಒಪ್ಪಿ, ದೇವದಾಸಿಯರ ಮಕ್ಕಳು ತಂದೆಯ ಹೆಸರು ಹೇಳಲೇಬೇಕೆಂದಿಲ್ಲ ಎಂದಿತು. ಒಳ್ಳೆಯ ಕಾನೂನು, ವ್ಯಂಗ್ಯವಿಲ್ಲದೆ ಹೇಳುತ್ತೇನೆ. ಇದಕ್ಕಾಗಿ ಆ ಹೆಣ್ಣುಮಕ್ಕಳು ಎಷ್ಟು ಧರಣಿ ಕೂತರು ಎಂಬುದನ್ನು ಯಾವ ಕಡತವೂ ಹೇಳದು. ನನಗಿರುವ ಭಯ ಕಂಪ್ಯೂಟರಿನದು. ಕೆಂಪು ಚುಕ್ಕಿ ಇಟ್ಟ ಕಲಮನ್ನು ಖಾಲಿ ಬಿಟ್ಟರೆ ಅದು ಮುಂದಿನ ಪುಟಕ್ಕೆ ಬಿಡುವುದಿಲ್ಲ. ವಿಧಾನಸೌಧ ಒಪ್ಪಿದ್ದನ್ನು ಸಾಫ್ಟ್‌ವೇರ್ ಒಪ್ಪಬೇಕಲ್ಲ.

ಇನ್ನು ಸಾವಿನ ಕಾರಣ ಎಂಬ ಕಲಮಿನ ಬಗ್ಗೆ. ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರದಲ್ಲಿ ಹಸಿವು ಎಂದು ಬರೆಯಲು ರೂಢಿಯಲ್ಲಿ ಜಾಗವಿಲ್ಲ. ನ್ಯುಮೋನಿಯಾಕ್ಕೆ ಇದೆ, ರಕ್ತಹೀನತೆಗೆ ಇದೆ, ಹುಟ್ಟುವಾಗಿನ ಕಡಿಮೆ ತೂಕಕ್ಕೆ ಇದೆ. 2011ರಲ್ಲಿ ದೇವದುರ್ಗ ತಾಲ್ಲೂಕಿನ ಎಲುಬು ಎದ್ದ ಕೂಸುಗಳನ್ನು ಟಿ.ವಿ.ಯವರು ತೋರಿಸಿದರು. ನಾಡು ಬೆಚ್ಚಿಬಿತ್ತು. ವಿಷಯ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು, 2012ರಲ್ಲಿ ವರದಿಯೂ ಬಂತು. ಆದರೆ ಬೆಚ್ಚಿಬೀಳುವ ಅಗತ್ಯವೇನಿತ್ತು ಹೇಳಿ. ಅಂಗನವಾಡಿಯಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟೆಗಳ ತಖ್ತೆ ಇದ್ದೇ ಇತ್ತು. ಕಾರ್ಯಕರ್ತೆ ಪ್ರತಿ ತಿಂಗಳು ತೂಕ ಮಾಡಿ ಚುಕ್ಕಿ ಇಡುತ್ತಿದ್ದಳು. ಚುಕ್ಕಿ ಕಿತ್ತಳೆಗೆ ಇಳಿಯುತ್ತಿತ್ತು. ಕಾಗದ ವೃತ್ತಕ್ಕೆ, ವೃತ್ತದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಹೋಗುತ್ತಿತ್ತು. ಕಾಗದದ ತೂಕ ಏರುತ್ತಿತ್ತು, ಕೂಸಿನದು ಇಳಿಯುತ್ತಿತ್ತು. ಎಲ್ಲ ದಾಖಲಾಗಿತ್ತು. ಓದಬೇಕಾದವರು ಟಿ.ವಿ. ನೋಡುವವರೆಗೆ ಕಾದರು, ಅಷ್ಟೆ.

ನೀರಿನ ಸಾವಿಗೂ ಹೀಗೆಯೇ ಮರ್ಯಾದೆಯ ಹೆಸರೊಂದಿದೆ: ವಾಂತಿಭೇದಿ. 2022ರಲ್ಲಿ ರಾಯಚೂರು ನಗರದ ನಲ್ಲಿಯಲ್ಲಿ ಬಂದ ನೀರು ಕುಡಿದು ಜನ ಸತ್ತರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಒಂದು ಮಗು ಹೋಯಿತು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಅಲ್ಲೆಲ್ಲ ವಾಂತಿಭೇದಿಯೇ ಕೊಂದದ್ದು. ನೀರಿನ ಮಾದರಿಯನ್ನು ಪರೀಕ್ಷೆಗೆ ಕಳಿಸಲಾಗಿದೆ ಎಂಬುದು ಮೊದಲ ಸುದ್ದಿ. ಎರಡನೆಯ ಸುದ್ದಿ ಎಲ್ಲರೂ ಮರೆತ ಮೇಲೆ ಒಳಪುಟದಲ್ಲಿ ಬರುತ್ತದೆ.

ಸೊನ್ನೆಯ ಕಲೆ ಇತ್ತೀಚಿನದು ಎಂದು ಯಾರಾದರೂ ತಿಳಿದಿದ್ದರೆ 1948ಕ್ಕೆ ಹೋಗಬೇಕು.

ಸೆಪ್ಟೆಂಬರ್ 17 ಬಂತೆಂದರೆ ನಮ್ಮಲ್ಲಿ ಬಾವುಟ ಏರುತ್ತದೆ. ಮೊದಲು ವಿಮೋಚನಾ ದಿನ, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಭಾಷಣದಲ್ಲಿ ನಿಜಾಮನ ಪರ ನಿಂತ ರಜಾಕಾರರ ದೌರ್ಜನ್ಯದ ವಿವರ ಬರುತ್ತದೆ, ಬರಬೇಕಾದ್ದೇ. ಸುಟ್ಟ ಮನೆಗಳು, ಗಡಿಯಾಚೆಯ ಶಿಬಿರಗಳಿಗೆ ಓಡಿಹೋದ ಕುಟುಂಬಗಳು, ಇವು ಈ ಸೀಮೆಯ ಹಿರಿಯರು ಕಂಡುಂಡದ್ದು. ಸೈನ್ಯ ಬಂತು, ಐದು ದಿನದಲ್ಲಿ ನಿಜಾಮ ಶರಣಾದ, ಲಾಡು ಹಂಚಿದರು. ಭಾಷಣ ಅಲ್ಲಿಗೆ ನಿಲ್ಲುತ್ತದೆ. ಹದಿನೆಂಟನೇ ತಾರೀಖು ಏನಾಯಿತು ಎಂದು ಕೇಳುವ ಪದ್ಧತಿ ಇಲ್ಲ. ಇತಿಹಾಸಕ್ಕೆ ಅಂದು ಸರ್ಕಾರಿ ರಜೆ.

ಕೇಳಿದವರು ಒಮ್ಮೆ ಇದ್ದರು. ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬ ಮೂವರು ನೆಹರೂ ಅವರ ಕೋರಿಕೆಯಂತೆ ಆ ವರ್ಷದ ಕೊನೆಯಲ್ಲಿ ಹೈದರಾಬಾದ್ ರಾಜ್ಯ ಸುತ್ತಿದರು. ಹದಿನಾರರಲ್ಲಿ ಒಂಬತ್ತು ಜಿಲ್ಲೆ ತಿರುಗಿ, ಹಳ್ಳಿಹಳ್ಳಿಯವರ ಮಾತು ಕೇಳಿ ಬರೆದುಕೊಂಡರು. ರಜಾಕಾರರು ಮಾಡಿದ್ದನ್ನೂ ಬರೆದರು, ಪೊಲೀಸ್ ಕಾರ್ಯಾಚರಣೆ ಎಂದು ಹೆಸರಿಟ್ಟ ಆ ಸೈನ್ಯದ ದಾಳಿಯ ವೇಳೆ ಮತ್ತು ಆಮೇಲೆ ಮುಸ್ಲಿಮರ ಮೇಲೆ ನಡೆದದ್ದನ್ನೂ ಬರೆದರು. ತೀರಾ ಹಿಡಿತದಲ್ಲಿ ಲೆಕ್ಕ ಹಾಕಿದರೂ ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ಬಿದ್ದದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಿಗೆ. ಎರಡು ನಮ್ಮ ಕಲ್ಯಾಣ ಕರ್ನಾಟಕದವೇ.

ವರದಿ ದಿಲ್ಲಿ ಮುಟ್ಟಿತು. ಸರ್ದಾರ್ ಪಟೇಲರಿಗೆ ಅದು ಹಿಡಿಸಲಿಲ್ಲ. ಅದು ಸರ್ಕಾರ ನೇಮಿಸಿದ ಆಯೋಗವೇ ಅಲ್ಲ, ಸದ್ಭಾವನೆಯ ತಂಡ ಎಂಬ ಮಾತು ಬಂತು. ಸದ್ಭಾವನೆಯಿಂದ ಹೋದವರು ಹೆಣ ಎಣಿಸಬಾರದು ತಾನೆ. ವರದಿ ಪ್ರಕಟವಾಗಲಿಲ್ಲ. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಕುಳಿತು, ಪೂರ್ತಿಯಾಗಿ ಜನಸಾಮಾನ್ಯರ ಕಣ್ಣಿಗೆ ಬೀಳುವ ಹೊತ್ತಿಗೆ 2013 ಬಂದಿತ್ತು. ಎ.ಜಿ. ನೂರಾನಿ ಅದನ್ನು ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅರವತ್ತೈದು ವರ್ಷ! ಆ ವೇಳೆಗೆ ಹೇಳಿಕೆ ಕೊಟ್ಟವರಲ್ಲಿ ಹೆಚ್ಚಿನವರು ಮಣ್ಣು ಸೇರಿದ್ದರು. ಅದು ಬಂದದ್ದರಿಂದ ನಮ್ಮ ಜಿಲ್ಲಾ ಕ್ರೀಡಾಂಗಣದ ಭಾಷಣಕ್ಕೆ ಒಂದು ವಾಕ್ಯವೂ ಸೇರಲಿಲ್ಲ. ಒಂದು ಕಡೆಯ ಸತ್ತವರನ್ನು ಮಾತ್ರ ಎಣಿಸುವುದು ನಮಗೆ ರೂಢಿಯಾಗಿದೆ. ಎರಡೂ ಕಡೆ ಎಣಿಸಿದವನ ಮೇಲೆ ಎರಡೂ ಕಡೆಯವರಿಗೆ ಸಿಟ್ಟು.

ವರದಿಗಳನ್ನು ಬೀರುವಿನಲ್ಲಿ ಮಾಗಲು ಇಡುವ ಈ ಪದ್ಧತಿಯಲ್ಲಿ ಬೆಂಗಳೂರು ದಿಲ್ಲಿಗೆ ಸೋತಿಲ್ಲ. ಮೀಸಲಾತಿಯೊಳಗೆ ತಮ್ಮ ಪಾಲು ಎಷ್ಟೆಂದು ಹೇಳಿ ಎಂದು ರಾಯಚೂರು, ಮಾನ್ವಿ, ದೇವದುರ್ಗದ ಮಾದಿಗರು ಹಲಗೆ ಬಾರಿಸಿದ್ದು ನಿನ್ನೆ ಮೊನ್ನೆಯಲ್ಲ. ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2005ರಲ್ಲಿ ನೇಮಕವಾಯಿತು, 2012ರ ಜೂನ್‌ನಲ್ಲಿ ವರದಿ ಕೊಟ್ಟಿತು. ಸರ್ಕಾರಗಳು ಬಂದವು, ಹೋದವು. ವರದಿ ಸದನದ ಮುಖ ನೋಡಲಿಲ್ಲ. ಸುಪ್ರೀಂ ಕೋರ್ಟು 2024ರ ಆಗಸ್ಟ್‌ನಲ್ಲಿ ಒಳಮೀಸಲಾತಿಗೆ ದಾರಿ ಬಿಟ್ಟ ಮೇಲೆ, ಹಳೆಯ ಎಣಿಕೆ ಹಳತಾಯಿತೆಂದು ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮತ್ತೆ ಎಣಿಸಬೇಕಾಯಿತು. ಹಳತಾಗುವವರೆಗೆ ಕಾಯ್ದವರೇ ಹಳತಾಯಿತು ಎಂದು ಹೇಳುವ ಅಧಿಕಾರವನ್ನೂ ಇಟ್ಟುಕೊಂಡಿರುತ್ತಾರೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ದೇವದುರ್ಗ ಆ ಪಟ್ಟಿಯ ತಳದಲ್ಲಿ. ಇದೊಂದು ಪಟ್ಟಿಯಿಂದ ಮಾತ್ರ ನಮ್ಮನ್ನು ಯಾರೂ ಕೈಬಿಟ್ಟಿಲ್ಲ.

ಇಷ್ಟೆಲ್ಲ ಓದಿ, ಸರ್ಕಾರಕ್ಕೆ ಕಾಗದ ಕಾಪಾಡಲು ಬರುವುದಿಲ್ಲ ಎಂದು ತೀರ್ಮಾನಿಸಿದರೆ ಅದು ದ್ರೋಹ. ಚೆನ್ನಾಗಿಯೇ ಬರುತ್ತದೆ. ಕಂದಾಯದ ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಲಮಿನ ಲೆಕ್ಕ ಯಾವ ಪ್ರವಾಹದಲ್ಲೂ ತೊಯ್ದ ಇತಿಹಾಸವಿಲ್ಲ. ನಿಮ್ಮ ಅಜ್ಜ ಎತ್ತಿಗಾಗಿ ತಂದ ಸಾಲ ಮೊಮ್ಮಗನ ಪಹಣಿಯಲ್ಲಿ ನೆಟ್ಟಗೆ ಕೂತಿರುತ್ತದೆ. ಅದೇ ಅಜ್ಜನಿಗೆ ಮಂಜೂರಾದ ಜಮೀನಿನ ಕಡತ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಕಡತ ಲಭ್ಯವಿಲ್ಲ ಎಂಬ ಹಿಂಬರಹ ಬರುತ್ತದೆ. ನೀವು ಕೊಡಬೇಕಾದ್ದನ್ನು ಹೇಳುವ ಕಾಗದಕ್ಕೆ ಗೆದ್ದಲು ಹತ್ತುವುದಿಲ್ಲ, ನಿಮಗೆ ಬರಬೇಕಾದ್ದನ್ನು ಹೇಳುವ ಕಾಗದವನ್ನು ಅದು ಬಿಡುವುದಿಲ್ಲ. ಗೆದ್ದಲು ಇಲಾಖಾ ಪರೀಕ್ಷೆ ಪಾಸು ಮಾಡಿರಬೇಕು. ಕಾಗದಗಳಲ್ಲೂ ವರ್ಗವಿದೆ ಎಂಬುದು ಹೊರಗಿನವರಿಗೆ ತಿಳಿಯದು. ಎ ವರ್ಗದ್ದು ಶಾಶ್ವತ. ಕೆಳವರ್ಗದ್ದಕ್ಕೆ ಕೆಲವೇ ವರ್ಷ ಆಯುಸ್ಸು, ಆಮೇಲೆ ಬೆಂಕಿ. ಕೆಳವರ್ಗ ಎಂದರೆ ಇಲ್ಲೂ ಅಷ್ಟೆ ನೋಡಿ.

ಇನ್ನು ನಿಜಾಮನ ಕಾಲದ ಕಾಗದ ಬೇಕಾದರೆ? 1956ರಲ್ಲಿ ನಾಡು ಹರಿದು ಹಂಚಿದಾಗ ಕಾಗದಗಳೂ ಗುಳೆ ಹೋದವು. ಮಾನ್ವಿಯವನೊಬ್ಬ ತನ್ನ ಮುತ್ತಜ್ಜ ಉಳುತ್ತಿದ್ದ ಹೊಲದ ಸುಳಿವು ಹಿಡಿದು ಹೊರಟರೆ ತಾಲ್ಲೂಕು ಕಚೇರಿ ರಾಯಚೂರಿಗೆ ತೋರಿಸುತ್ತದೆ, ರಾಯಚೂರು ಕಲಬುರಗಿಗೆ, ಕಲಬುರಗಿ ಹೈದರಾಬಾದಿನ ತಾರ್ನಾಕಾದ ಪತ್ರಾಗಾರಕ್ಕೆ. ಅಲ್ಲಿ ಸಿಕ್ಕಿತೆನ್ನಿ, ಉರ್ದುವಿನಲ್ಲಿರುತ್ತದೆ. ಓದಬಲ್ಲ ಹಿರಿಯರು ಮಾನ್ವಿಯಲ್ಲೇ ಮಸೀದಿಯ ಕಟ್ಟೆ ಮೇಲೆ ಕೂತಿದ್ದಾರೆ. ಅವರನ್ನು ಕಚೇರಿಯವರು ಕೇಳುವುದಿಲ್ಲ. ಕೇಳಿದರೆ ಭತ್ಯೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಕೊಡುವುದು? ಈಗ ಭೂ ಸುರಕ್ಷಾ ಎಂದು ತಾಲ್ಲೂಕು ಕಚೇರಿಗಳ ಹಳೆಯ ಕಾಗದವನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ಸ್ವಾಗತಾರ್ಹ. ಆದರೆ ಸ್ಕ್ಯಾನರಿಗೆ ಇದ್ದದ್ದನ್ನು ನಕಲು ಮಾಡುವುದಷ್ಟೇ ಗೊತ್ತು. ಸೊನ್ನೆಯನ್ನು ಎಷ್ಟು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿದರೂ ಅದು ಸೊನ್ನೆಯೇ.

ಜಿಲ್ಲೆಯ ನಿಜವಾದ ಪತ್ರಾಗಾರ ಯಾವುದೆಂದು ಕೇಳಿದರೆ ನಾನು ಪ್ಲಾಸ್ಟಿಕ್ ಚೀಲದತ್ತ ಕೈ ತೋರಿಸುತ್ತೇನೆ. ಜಿಲ್ಲಾಧಿಕಾರಿ ಕಚೇರಿಯ ಹೊರಗೆ ಯಾವ ದಿನವಾದರೂ ನಿಂತು ನೋಡಿ. ಹಳ್ಳಿಯಿಂದ ಬಂದ ಪ್ರತಿ ಹೆಂಗಸಿನ ಕಂಕುಳಲ್ಲಿ ಬಟ್ಟೆ ಅಂಗಡಿಯ ಹೆಸರಿರುವ ಒಂದು ಚೀಲ. ಅದರೊಳಗೆ ಕೊಟ್ಟ ಪ್ರತಿ ಅರ್ಜಿಯ ನಕಲು, ಸ್ವೀಕೃತಿಯ ಮೊಹರು, ಹಿಂಬರಹ, ಗಂಡನ ಮರಣ ಪತ್ರ, ದೂರಿನ ಪ್ರತಿ, ಆ ದೂರಿಗೆ ಮೇಲ್ಜಾತಿಯವರು ಕೊಟ್ಟ ಪ್ರತಿದೂರಿನ ಪ್ರತಿ, ಕೊನೆಗೆ ಪೊಲೀಸರು ಹಾಕಿದ ಬಿ ರಿಪೋರ್ಟು. ತಾರೀಖಿನ ಕ್ರಮದಲ್ಲಿ ಜೋಡಿಸಿರುತ್ತಾಳೆ. ಓದು ಬಾರದವಳು ಅದನ್ನು ಹೇಗೆ ಜೋಡಿಸಿದಳೋ! ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ನಿಯಮದಂತೆ ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಿ ನಡಾವಳಿ ಬರೆಯಬೇಕು. ಆ ನಡಾವಳಿ ಪುಸ್ತಕವನ್ನೂ ಈ ಚೀಲವನ್ನೂ ಪಕ್ಕಪಕ್ಕ ಇಟ್ಟರೆ, ಇವೆರಡೂ ಒಂದೇ ಜಿಲ್ಲೆಯವೆಂದು ಯಾವ ನ್ಯಾಯಾಲಯವೂ ನಂಬಲಾರದು. ಸರ್ಕಾರ ತನ್ನ ದಾಖಲೆಯನ್ನು ಕಳೆದುಕೊಂಡಾಗಲೂ ಕೇಳುವುದು ಈಕೆಯನ್ನೇ. ಯಮ್ಮಾ, ಒಂದು ಜೆರಾಕ್ಸ್ ಮಾಡಿಸ್ಕೊಂಡು ಬಾ. ಜೆರಾಕ್ಸಿನ ರೊಕ್ಕ ಆಕೆಯದು.

ನಮ್ಮಲ್ಲಿ ಕಾಗದವನ್ನು ನಂಬಿದವರು ಕೆಟ್ಟರು, ಕಲ್ಲನ್ನು ನಂಬಿದವರು ಉಳಿದರು. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಉದ್ದದ ಒಂದೇ ಕಲ್ಲು ಇದೆ. ಗೋರೆ ಗನ್ನಯ್ಯ ರೆಡ್ಡಿಯ ಕಾಲದ್ದು, 1294ನೇ ಇಸವಿಯದು. ಶಾಸನದ ಜೊತೆಗೆ, ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅದರ ಮೇಲೆ ಕೊರೆದಿದ್ದಾರೆ. ಎಳೆದವರ ಹೆಸರಿಲ್ಲ, ಕೂಲಿ ಕೊಟ್ಟರೋ ಬಿಟ್ಟಿಯೋ ತಿಳಿಯದು. ಆದರೆ ಯಾರೋ ಎಳೆದರು ಎಂಬುದನ್ನಾದರೂ ಆ ಕಾಲದವರು ಒಪ್ಪಿಕೊಂಡರು. ಇವತ್ತಿನ ಕಾಮಗಾರಿಯ ಕಲ್ಲಿನಲ್ಲಿ ಉದ್ಘಾಟಿಸಿದವರ ಹೆಸರಿಗೇ ಜಾಗ ಸಾಲದು.

ಇದಕ್ಕಿಂತ ಹಳೆಯದು ಮಸ್ಕಿಯಲ್ಲಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಹೋಗಿ ಕಂಡದ್ದು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಬಂಡೆ ಅದು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರಿಗೂ ಅದು ಸಾಧ್ಯ, ಇಬ್ಬರಿಗೂ ಇದನ್ನು ತಿಳಿಸಿ ಎಂಬುದು ಅದರ ತಾತ್ಪರ್ಯ. ಸಾಮಾಜಿಕ ನ್ಯಾಯದ ಬಗ್ಗೆ ಈ ಜಿಲ್ಲೆಗೆ ಬಂದ ಮೊಟ್ಟಮೊದಲ ಸುತ್ತೋಲೆ. ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಉಳಿದಿದೆ. ಬೀರುವಿಗೆ ಹಿಡಿಸದಷ್ಟು ದೊಡ್ಡದಿದ್ದದ್ದೇ ಅದರ ಪುಣ್ಯ. (ಸುತ್ತೋಲೆ ಇಲ್ಲದೆ ನಮ್ಮಲ್ಲಿ ಯಾವುದೂ ನಡೆಯದು ನೋಡಿ. 2022ರ ಗಣರಾಜ್ಯೋತ್ಸವದಂದು ರಾಯಚೂರಿನ ನ್ಯಾಯಾಲಯದಲ್ಲಿ ಅಂಬೇಡ್ಕರ್ ಭಾವಚಿತ್ರದ ವಿಷಯಕ್ಕೆ ವಿವಾದವಾಗಿ, ರಾಜ್ಯದ ತುಂಬ ಜನ ಬೀದಿಗಿಳಿದು, ಕೊನೆಗೆ ಫೆಬ್ರುವರಿಯಲ್ಲಿ ಹೈಕೋರ್ಟು ಭಾವಚಿತ್ರ ಇಡಬೇಕೆಂದು ಸುತ್ತೋಲೆ ಹೊರಡಿಸಬೇಕಾಯಿತು. ಸಂವಿಧಾನ ಬರೆದವರನ್ನು ಸಂವಿಧಾನದ ಹಬ್ಬಕ್ಕೆ ಕರೆಯಲು!)

ಅಶೋಕನ ಆ ಸುತ್ತೋಲೆ ಇಂದು ಟಪಾಲಿನಲ್ಲಿ ಕಚೇರಿಗೆ ಬಂದಿದ್ದರೆ ಅದರ ಗತಿ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ಕಡತ ಮಂಡಿಸುತ್ತಿದ್ದರು:

"ಮಾನ್ಯರೇ, ಅಶೋಕ ಎಂಬುವರು ಸಲ್ಲಿಸಿರುವ ಪತ್ರವನ್ನು ಪರಿಶೀಲಿಸಲಾಗಿದೆ. ಪತ್ರದಲ್ಲಿ ತಂದೆಯ ಹೆಸರು ನಮೂದಿಸಿರುವುದಿಲ್ಲ. ದಿನಾಂಕ ಇರುವುದಿಲ್ಲ. ಸದರಿಯವರು ಪಾಟಲಿಪುತ್ರದ ನಿವಾಸಿಯಾಗಿದ್ದು, 371ಜೆ ಅನ್ವಯ ಸ್ಥಳೀಯ ಅಭ್ಯರ್ಥಿ ಎಂಬುದಕ್ಕೆ ದೃಢೀಕರಣ ಲಗತ್ತಿಸಿರುವುದಿಲ್ಲ. ಪತ್ರವು ಪ್ರಾಕೃತ ಭಾಷೆಯಲ್ಲಿದ್ದು, ಭಾಷಾಂತರಕಾರರ ಹುದ್ದೆ ಈ ಕಚೇರಿಗೆ ಮಂಜೂರಾಗಿರುವುದಿಲ್ಲ. ಸಣ್ಣವರು ಮತ್ತು ದೊಡ್ಡವರು ಯಾರು ಎಂಬ ಬಗ್ಗೆ ಸರ್ಕಾರದಿಂದ ಸ್ಪಷ್ಟೀಕರಣ ಕೋರಬಹುದಾಗಿದೆ. ಮುಂದಿನ ಆದೇಶಕ್ಕಾಗಿ ಮಂಡಿಸಿದೆ."

ಮೇಲಧಿಕಾರಿಗಳು ಹಸಿರು ಶಾಯಿಯಲ್ಲಿ ಪಕ್ಕಕ್ಕೆ ಒಂದೇ ಪದ ಗೀಚಿ ಕಡತ ವಾಪಸು ಕಳಿಸುತ್ತಿದ್ದರು: ಚರ್ಚಿಸಿ.